ಓಲೆಕಟ್ಟಿನ ಕವಡೆ: ‘ವರಾಡಯ’ ಶಬ್ದದ ಸುತ್ತ ಒಂದು ವಿಚಾರ

೧

ಓಲೆಯ ಪ್ರತಿಯೊಂದು ಕೈಗೆ ಬಂದಾಗ ನಾವು ಮೊದಲು ನೋಡುವುದು ಗ್ರಂಥದ ಹೆಸರನ್ನು. ಅನಂತರ ಗರಿಗಳ ಸಂಖ್ಯೆ, ಉದ್ದಗಲ, ಪುಟವೊಂದಕ್ಕೆ ಇರುವ ಪಂಕ್ತಿಗಳು, ಅಕ್ಷರದ ರೀತಿ, ಪುಷ್ಪಿಕೆ ಇವುಗಳನ್ನು ಗುರುತುಮಾಡಿಕೊಳ್ಳುತ್ತೇವೆ. ಗರಿಗಳನ್ನು ಪೋಣಿಸಿದ ದಾರವನ್ನೂ, ಆ ದಾರವು ರಂಧ್ರದಿಂದ ಜಾರದಂತೆ ಅದರ ತುದಿಗೆ ಕಟ್ಟಿದ ವಸ್ತುವನ್ನೂ ಸೂಚಿಗಳಲ್ಲಿ ನಮೂದಿಸುವುದು ಅಪೂರ್ವ. ದಾರ ಹಳೆಯದಾದರೆ ತೆಗೆದು ಹೊಸದನ್ನು ಹಾಕುತ್ತೇವೆ. ತುದಿಯ ವಸ್ತು ಅದರೊಡನೆ ಹೋಗಿಬಿಡುತ್ತದೆ. ಪ್ರಸ್ತುತ ಲೇಖನವು ಅಂಥ ಒಂದು ವಸ್ತುವನ್ನು ಕುರಿತದ್ದು.

ಕೋಲಾರ ತಾಲ್ಲೂಕಿನ ನರಸಾಪುರವು ಹೊಸಕೋಟೆಯಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯ ಕಡೆಗಿರುವ ಹೋಬಳಿಯ ಊರು. ಇಂದು ಅದು ಕೈಗಾರಿಕಾ ಪ್ರದೇಶವಾಗಿ, ಮೊಬೈಲ್ ದೂರವಾಣಿಗಳು ತಯಾರಾಗುವ ಸ್ಥಳವಾಗಿ ಹೊರಗಿನವರಿಗೆ ಪರಿಚಿತವಾಗಿದೆ. ಅಲ್ಲಿ ನೆಲೆಸಿರುವ, ಮೂಲತಃ ತುಮಕೂರು ಸೀಮೆಯವರಾದ ಶ್ರಾವಕರೊಬ್ಬರ ಮನೆಯಲ್ಲಿ ಒಂದು ಸಣ್ಣ ಓಲೆಕಟ್ಟನ್ನು ನೋಡುವ ಅವಕಾಶ ನನಗೆ ದೊರೆಯಿತು. ಗ್ರಂಥವು ನೇಮಿಚಂದ್ರರ ದ್ರವ್ಯಸಂಗ್ರಹ. ಗಾಥೆಗಳಿಗೆ ಕನ್ನಡದಲ್ಲಿ ಅರ್ಥವನ್ನು ಬರೆಯಲಾಗಿದೆ. ಮೊದಲಿನ ಮತ್ತು ಕೊನೆಯ ಕೆಲವು ಗರಿಗಳು ನಷ್ಟವಾಗಿರುವುದರಿಂದ ಲಿಪಿಕಾರನ ಹೆಸರೂ ಕಾಲವೂ ಉಳಿದಿಲ್ಲ. ಎಡಗಡೆಯ ರಂಧ್ರದಲ್ಲಿ ಹತ್ತಿಯ ದಾರವಿದ್ದು, ಅದರ ತುದಿಗೆ ಬೆನ್ನನ್ನು ತೇಯ್ದು ತೂತುಮಾಡಿದ ಒಂದು ಚಿಕ್ಕ ಕವಡೆಯನ್ನು ಗಂಟುಹಾಕಲಾಗಿದೆ.

ನಾನು ಗರಿಗಳನ್ನು ಎಣಿಸುತ್ತಿರುವಾಗ ಮನೆಯ ಹಿರಿಯರು ಕೇಳಿದರು: “ಪಂಡಿತರೇ, ಇದು ಸತ್ತ ಪ್ರಾಣಿಯ ಚಿಪ್ಪಲ್ಲವೆ? ಶಾಸ್ತ್ರಕ್ಕೆ ಇದನ್ನು ಕಟ್ಟಿಟ್ಟಿರುವುದು ಸರಿಯೆ? ನಮ್ಮ ಮಗ ಕಿತ್ತುಹಾಕೋಣ ಎನ್ನುತ್ತಾನೆ. ನಮ್ಮ ತಂದೆಯವರು ಮುಟ್ಟಬೇಡಿ ಎನ್ನುತ್ತಿದ್ದರು. ಏನು ಮಾಡಲಿ?”

ಆ ಹೊತ್ತಿನಲ್ಲಿ ನನ್ನ ಕೈಯಲ್ಲಿದ್ದುದು ಜೀವಾಧಿಕಾರದ ಗರಿ. ದ್ರವ್ಯಸಂಗ್ರಹದ ೧೧ನೆಯ ಗಾಥೆಯು ಪೃಥಿವೀಕಾಯಾದಿ ಸ್ಥಾವರಗಳನ್ನು ಹೇಳಿ, ಎರಡು, ಮೂರು, ನಾಲ್ಕು, ಐದು ಇಂದ್ರಿಯಗಳುಳ್ಳ ತ್ರಸಜೀವಗಳನ್ನು ‘ಶಂಖಾದಿ’ ಎಂದು ಶಂಖದಿಂದಲೇ ಆರಂಭಿಸುತ್ತದೆ. ತ್ರಸಜೀವಗಳ ಗಣನೆಗೆ ಕಡಲಿನ ಚಿಪ್ಪುಜೀವಿಯನ್ನು ಮೊದಲಿಡುವ ಗ್ರಂಥವನ್ನು ಅಂಥದೇ ಇನ್ನೊಂದು ಜೀವಿಯ ಚಿಪ್ಪಿನಿಂದ ಕಟ್ಟಿಡಲಾಗಿತ್ತು. ಆ ಹಿರಿಯರ ಪ್ರಶ್ನೆಗೆ ತಟ್ಟನೆ ಉತ್ತರ ಹೇಳುವುದು ಉಚಿತವಲ್ಲವೆಂದು ತೋರಿತು. ಶಾಸ್ತ್ರಗಳಲ್ಲಿ ಕವಡೆಯು ಎಲ್ಲೆಲ್ಲಿ, ಯಾವ ಅರ್ಥದಲ್ಲಿ ಬಂದಿದೆಯೆಂಬುದನ್ನು ನೋಡಿ ಹೇಳುತ್ತೇನೆಂದು ಕಾಲಾವಕಾಶ ಬೇಡಿದೆನು. ಆ ಪರಿಶೀಲನೆಯ ಫಲವನ್ನು ವಿದ್ವಾಂಸರ ಮುಂದಿಡುತ್ತಿದ್ದೇನೆ.

೨. ಶಬ್ದ

ಕವಡೆಗೆ ಸಂಸ್ಕೃತದಲ್ಲಿ ಮುಖ್ಯವಾಗಿ ಎರಡು ಹೆಸರುಗಳು: ಕಪರ್ದ ಅಥವಾ ಕಪರ್ದಕ, ವರಾಟ ಅಥವಾ ವರಾಟಕ. ಸ್ವರಮಧ್ಯದ ಪಕಾರವು ವಕಾರವಾಗಿಯೂ ರ್ದಕಾರವು ಡ್ಡಕಾರವಾಗಿಯೂ ಪರಿಣಮಿಸಿ, ಮೊದಲನೆಯದು ಪ್ರಾಕೃತದಲ್ಲಿ ‘ಕವಡ್ಡ’, ‘ಕವಡ್ಡಯ’ ಆಗುತ್ತದೆ. ಕನ್ನಡದ ಕವಡೆ, ಮರಾಠಿಯ ಕವಡಿ, ಹಿಂದಿಯ ಕೌಡಿ ಈ ಸಾಲಿಗೆ ಸೇರಿದವು. ಎರಡನೆಯದು ‘ವರಾಡಅ’, ‘ವರಾಡಯ’, ‘ವರಾಡಗ’ ಎಂಬ ರೂಪಗಳಲ್ಲಿ ಆಗಮಗಳಲ್ಲಿ ದೊರೆಯುತ್ತದೆ. ಆದರೆ ಆಡುನುಡಿಯಲ್ಲಿ ಉಳಿದಿಲ್ಲ. ಕೋಲಾರ ಸೀಮೆಯಲ್ಲಿ ತೆಲುಗು ಬಲ್ಲವರು ಕವಡೆಯನ್ನು ‘ಗವ್ವ’ ಎನ್ನುತ್ತಾರೆ. ತಮಿಳಿನಲ್ಲಿ ಅದು ‘ಸೋಳಿ’.

ಪ್ರತಿಗಳನ್ನು ಓದುವವರು ಇಲ್ಲಿ ಎಚ್ಚರದಿಂದಿರಬೇಕು. ಕನ್ನಡದಲ್ಲಿ ‘ಕವಡು’ ಎಂಬುದು ಕಪಟ ಶಬ್ದದ ತದ್ಭವ. ಅದಕ್ಕೂ ಕವಡೆಗೂ ಸಂಬಂಧವಿಲ್ಲ. ಶ್ವೇತಾಂಬರ ಗ್ರಂಥಗಳಲ್ಲಿ ಬರುವ ಕಪರ್ದಿಯು ಶತ್ರುಂಜಯ ಕ್ಷೇತ್ರದ ಯಕ್ಷ. ಬ್ರಾಹ್ಮಣ ಗ್ರಂಥಗಳಲ್ಲಿ ಕಪರ್ದವೆಂದರೆ ಶಿವನ ಜಟೆಯೂ ಹೌದು. ಹೀಗೆ ಒಂದೇ ಶಬ್ದಮೂಲದಿಂದ ಜೀವಿ, ನಾಣ್ಯ, ಯಕ್ಷ, ಜಟೆ ಎಂಬ ಭಿನ್ನಾರ್ಥಗಳು ಹೊರಡುವುದರಿಂದ ಪ್ರಕರಣವನ್ನು ನೋಡದೆ ಅರ್ಥಮಾಡುವುದು ಅಪಾಯಕರ. ನಮ್ಮ ವಿಚಾರಕ್ಕೆ ಬೇಕಾದ ಪ್ರಕರಣಗಳು ಮೂರು: ಜೀವವಿಚಾರ, ಗಣಿತ, ನಿಕ್ಷೇಪ.

೩. ಜೀವವಿಚಾರದಲ್ಲಿ ಕವಡೆ

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವು ಕೃಮಿ, ಪಿಪೀಲಿಕೆ, ಭ್ರಮರ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದು ಇಂದ್ರಿಯದ ವೃದ್ಧಿಯನ್ನು ಹೇಳುತ್ತದೆ. ಇದರಲ್ಲಿ ದ್ವೀಂದ್ರಿಯಕ್ಕೆ ನಿದರ್ಶನ ಕೃಮಿ ಮಾತ್ರ. ಕುಂದಕುಂದಾಚಾರ್ಯರ ಪಂಚಾಸ್ತಿಕಾಯವು ರಸ ಮತ್ತು ಸ್ಪರ್ಶಗಳನ್ನು ಮಾತ್ರ ಅರಿಯುವ ಜೀವಗಳೆಂದು ಶಂಬೂಕ, ಮಾತೃವಾಹ, ಶಂಖ, ಸಿಪ್ಪಿ, ಕಾಲಿಲ್ಲದ ಕೃಮಿ ಇವುಗಳನ್ನು ಹೆಸರಿಸುತ್ತದೆ. ಕವಡೆಯ ಹೆಸರು ಅಲ್ಲಿಲ್ಲ. ಉತ್ತರಾಧ್ಯಯನದ ೩೬ನೆಯ ಅಧ್ಯಯನದಲ್ಲಿ ಬರುವ ದ್ವೀಂದ್ರಿಯಗಳ ಪಟ್ಟಿಯಲ್ಲಿ ಶಂಖ, ಸಿಪ್ಪಿಗಳೊಡನೆ ‘ವರಾಡಗ’ವು ಸ್ಪಷ್ಟವಾಗಿದೆ. ಶಾಂತಿಸೂರಿಯ ಜೀವವಿಚಾರವು ಶಂಖದ ಬೆನ್ನಿಗೇ ‘ಕವಡ್ಡಯ’ವನ್ನು ಹೇಳುತ್ತದೆ.

ದಿಗಂಬರ ಪರಂಪರೆಯಲ್ಲಿ ನಮಗೆ ಅತ್ಯಂತ ಸಮೀಪದ ಪ್ರಯೋಗವು ದೊಡ್ಡ ಸಿದ್ಧಾಂತಗ್ರಂಥದಲ್ಲಿಲ್ಲ, ನಿತ್ಯಪಾಠದಲ್ಲಿದೆ. ದೈವಸಿಕ ಪ್ರತಿಕ್ರಮಣದಲ್ಲಿ ದ್ವೀಂದ್ರಿಯ ಜೀವಗಳನ್ನು ಹೆಸರು ಹಿಡಿದು ಹೇಳುವ ಭಾಗವೊಂದಿದೆ. ಅಲ್ಲಿ ಕುಕ್ಷಿ, ಕೃಮಿ, ಶಂಖಗಳ ಸಾಲಿನಲ್ಲಿ ‘ವರಾಡಯ’ವೂ ಅದನ್ನು ಅನುಸರಿಸಿ ‘ಅಕ್ಖ’ವೂ ಬರುತ್ತವೆ. ಆ ಜೀವಗಳಿಗೆ ತಾನು ಮಾಡಿದ, ಮಾಡಿಸಿದ, ಮಾಡುವುದನ್ನು ಅನುಮೋದಿಸಿದ ಪೀಡೆಯೆಲ್ಲವೂ ಮಿಥ್ಯೆಯಾಗಲಿ ಎಂದು ಪಾಠವು ಮುಗಿಯುತ್ತದೆ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದು ಕಡಲನ್ನೇ ಕಾಣದ ವ್ರತಿಯೂ ಈ ಪಾಠದ ಮೂಲಕ ಕವಡೆಯ ಹುಳುವಿನ ಹೆಸರನ್ನು ಎತ್ತಿ ಕ್ಷಮೆ ಬೇಡುತ್ತ ಬಂದಿದ್ದಾನೆ. ನರಸಾಪುರದಿಂದ ಪೂರ್ವದ ಕಡಲು ೨೦೦ ಕಿಲೋಮೀಟರಿಗಿಂತ ಹೆಚ್ಚು ದೂರ, ಪಶ್ಚಿಮದ ಕಡಲು ೩೦೦ ಕಿಲೋಮೀಟರಿಗಿಂತ ಹೆಚ್ಚು ದೂರ. ಅಂಥ ಊರಿನ ಶ್ರಾವಕನಿಗೂ ಈ ಜೀವಕ್ಕೂ ಏನು ಸಂಬಂಧವೆಂದು ಕೇಳಿದರೆ, ‘ಮಾಡಿಸಿದ’, ‘ಅನುಮೋದಿಸಿದ’ ಎಂಬ ಎರಡು ಮಾತುಗಳಲ್ಲಿಯೇ ಉತ್ತರವಿದೆ. ಕಡಲಿನಲ್ಲಿ ಹಿಡಿಯುವವನು ಒಬ್ಬ; ಪೇಟೆಯಲ್ಲಿ ಕೊಳ್ಳುವವನು ಇನ್ನೊಬ್ಬ.

ಇಲ್ಲಿ ಆಧುನಿಕ ಪ್ರಾಣಿಶಾಸ್ತ್ರದ ಮಾತನ್ನೂ ಹೇಳಬೇಕು. ನಾಣ್ಯವಾಗಿ ಬಳಕೆಯಾದ ಕವಡೆಗೆ ಲಿನೇಯಸನು ೧೭೫೮ರಲ್ಲಿ ಸೈಪ್ರಿಯಾ ಮೊನೆಟಾ ಎಂದು ಹೆಸರಿಟ್ಟನು. ಈಗ ಅದನ್ನು ಮೊನೆಟೇರಿಯಾ ಮೊನೆಟಾ ಎನ್ನುತ್ತಾರೆ. ಲ್ಯಾಟಿನ್ನಿನ ‘ಮೊನೆಟಾ’ ಎಂದರೆ ಹಣವೇ. ಇದು ಹೆಚ್ಚಾಗಿ ಒಂದರಿಂದ ಮೂರು ಸೆಂಟಿಮೀಟರ್ ಉದ್ದದ ಚಿಪ್ಪುಳ್ಳ ಕಡಲ ಬಸವನಹುಳು. ಹವಳದ ದಿಬ್ಬಗಳ ಆಳವಿಲ್ಲದ ನೀರಿನಲ್ಲಿ ಪಾಚಿಯನ್ನು ತಿಂದು ಬದುಕುತ್ತದೆ. ಇದರ ಕೋಡುಗಳ ಬುಡದಲ್ಲಿ ಚಿಕ್ಕ ಕಣ್ಣುಗಳಿವೆಯೆಂದೂ, ಗಂಡುಹೆಣ್ಣುಗಳ ಭೇದವಿದೆಯೆಂದೂ, ಹೆಣ್ಣು ಮೊಟ್ಟೆಯಿಡುತ್ತದೆಯೆಂದೂ ಪ್ರಾಣಿಶಾಸ್ತ್ರಜ್ಞರು ಕಂಡಿದ್ದಾರೆ. ದ್ವೀಂದ್ರಿಯಗಳು ಸಮ್ಮೂರ್ಛನ ಜನ್ಮದವು, ನಪುಂಸಕಗಳು ಎಂಬ ನಮ್ಮ ಶಾಸ್ತ್ರವಚನಕ್ಕೂ ಇದಕ್ಕೂ ಭೇದವಿರುವುದು ಸ್ಪಷ್ಟ. ಈ ಭೇದವನ್ನು ಮುಚ್ಚಿಡಬೇಕಾಗಿಲ್ಲ. ಬಲವಂತದಿಂದ ಸಮನ್ವಯ ಮಾಡಬೇಕಾಗಿಯೂ ಇಲ್ಲ. ನಮ್ಮ ಪ್ರಶ್ನೆಗೆ ಸಂಬಂಧಿಸಿದಷ್ಟನ್ನು ಹೇಳುವುದಾದರೆ, ಕವಡೆಯು ತ್ರಸಜೀವವೆಂಬುದರಲ್ಲಿ ಇಬ್ಬರಿಗೂ ವಿವಾದವಿಲ್ಲ. ಇಂದ್ರಿಯಗಳು ಎರಡಕ್ಕಿಂತ ಹೆಚ್ಚೆಂದು ಒಪ್ಪಿದರೆ ಅದನ್ನು ಕೊಲ್ಲುವುದರ ದೋಷ ಹೆಚ್ಚಾಗುತ್ತದೆಯೇ ಹೊರತು ಕಡಮೆಯಾಗುವುದಿಲ್ಲ.

೪. ಗಣಿತದಲ್ಲಿ ಕವಡೆ

ಭಾಸ್ಕರಾಚಾರ್ಯನ ಲೀಲಾವತಿಯು (ಕ್ರಿ.ಶ. ೧೧೫೦) ಹಣದ ಕೋಷ್ಟಕವನ್ನು ವರಾಟಕದಿಂದ ಆರಂಭಿಸುತ್ತದೆ. ೨೦ ವರಾಟಕಗಳಿಗೆ ಒಂದು ಕಾಕಿಣಿ, ೪ ಕಾಕಿಣಿಗೆ ಒಂದು ಪಣ, ೧೬ ಪಣಕ್ಕೆ ಒಂದು ದ್ರಮ್ಮ, ೧೬ ದ್ರಮ್ಮಕ್ಕೆ ಒಂದು ನಿಷ್ಕ. ಆದ್ದರಿಂದ ಪಣಕ್ಕೆ ೮೦, ದ್ರಮ್ಮಕ್ಕೆ ೧,೨೮೦, ನಿಷ್ಕಕ್ಕೆ ೨೦,೪೮೦ ಕವಡೆಗಳಾದವು. ಇದು ಕೇವಲ ಗ್ರಂಥದ ಲೆಕ್ಕವಾಗಿರಲಿಲ್ಲ. ಸುಮಾರು ಆರು ಶತಮಾನಗಳ ಅನಂತರ ಬಂಗಾಳದಲ್ಲಿ ೪ ಕವಡೆಗೆ ಒಂದು ಗಂಡ, ೨೦ ಗಂಡಕ್ಕೆ ಒಂದು ಪಣ, ೧೬ ಪಣಕ್ಕೆ ಒಂದು ಕಾಹಣ, ೪ ಕಾಹಣಕ್ಕೆ ಒಂದು ರೂಪಾಯಿ ಎಂಬ ಲೆಕ್ಕ ನಡೆಯುತ್ತಿತ್ತು. ಇಲ್ಲಿಯೂ ಪಣಕ್ಕೆ ೮೦, ಕಾಹಣಕ್ಕೆ ೧,೨೮೦. ರೂಪಾಯಿಗೆ ೫,೧೨೦. ಕ್ರಿ.ಶ. ೧೭೭೮ರ ವೇಳೆಗೆ ಸಿಲ್ಹೆಟ್ಟಿನ ಅಧಿಕಾರಿಯಾಗಿ ಬಂದ ರಾಬರ್ಟ್ ಲಿಂಡ್ಸೆಯು ಆ ಜಿಲ್ಲೆಯ ಎರಡೂವರೆ ಲಕ್ಷ ರೂಪಾಯಿಗಳ ಕಂದಾಯವೆಲ್ಲ ಕವಡೆಯಲ್ಲಿಯೇ ಸಂದಾಯವಾಗುತ್ತಿತ್ತೆಂದು ಬರೆದಿದ್ದಾನೆ. ಮೇಲಿನ ದರದಂತೆ ಅದು ೧೨೮ ಕೋಟಿ ಕವಡೆ. ಪ್ರತಿಯೊಂದು ಕವಡೆಯೂ ಒಂದು ಜೀವದ ಮನೆಯಾಗಿತ್ತೆಂಬುದನ್ನು ನೆನೆದರೆ ಈ ಸಂಖ್ಯೆಯ ಅರ್ಥ ಬೇರೆಯಾಗುತ್ತದೆ. ಒರಿಸ್ಸದಲ್ಲಿ ೧೮೧೭ರ ಪಾಯಿಕರ ದಂಗೆಗೆ, ಕವಡೆಯ ಬದಲು ಬೆಳ್ಳಿಯ ನಾಣ್ಯದಲ್ಲಿ ಕಂದಾಯ ಕೊಡಬೇಕೆಂಬ ಒತ್ತಾಯವೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ.

ಕನ್ನಡ ನಾಡಿನ ಸ್ಥಿತಿ ಬೇರೆ. ನಮ್ಮ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಮಾತು ಬರುತ್ತದೆ. ಕೋಲಾರ ಸೀಮೆಯಲ್ಲಿರುವ ಚೋಳರ ಕಾಲದ ತಮಿಳು ಶಾಸನಗಳಲ್ಲಿ ಕಾಸು ಬರುತ್ತದೆ. ಕವಡೆಯು ಇಲ್ಲಿ ಬಂಗಾಳ, ಒರಿಸ್ಸಗಳಲ್ಲಿದ್ದಂತೆ ಕಂದಾಯದ ನಾಣ್ಯವಾಗಿರಲಿಲ್ಲ. ‘ಕವಡೆ ಕಾಸಿನ ಬೆಲೆಯಿಲ್ಲ’ ಎಂಬ ನುಡಿಗಟ್ಟಿನಲ್ಲಿ ಅದು ಬೆಲೆಯ ಕನಿಷ್ಠಸೀಮೆಯಾಗಿ ಮಾತ್ರ ಉಳಿದಿದೆ.

ಈ ಸಂದರ್ಭದಲ್ಲಿ ಗಣಿತದ ಪ್ರತಿಗಳನ್ನು ಸಂಪಾದಿಸುವವರು ಗಮನಿಸಬೇಕಾದ ಒಂದು ಅಂಶವಿದೆ. ಲೀಲಾವತಿಯಲ್ಲಿ ಕಾಕಿಣಿಯು ಪಣದ ನಾಲ್ಕನೆಯ ಒಂದು ಭಾಗ. ಕನ್ನಡ ಶಾಸನಗಳಲ್ಲಿ ಹಾಗವೂ ಪಣದ ನಾಲ್ಕನೆಯ ಒಂದು ಭಾಗ. ಅನುಪಾತವೇನೋ ಒಂದೇ. ಆದರೆ ಇದರಿಂದ ಹಾಗಕ್ಕೆ ೨೦ ಕವಡೆಯೆಂದು ಲೆಕ್ಕಹಾಕುವುದು ತಪ್ಪಾಗುತ್ತದೆ. ಕವಡೆಯ ಕೋಷ್ಟಕದ ಪಣವು ತಾಮ್ರದ ಬೆಲೆಯದು. ಕನ್ನಡ ನಾಡಿನ ಪಣವು ಚಿನ್ನದ ಸಣ್ಣ ನಾಣ್ಯ. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಪಣವೆಂಬುದು ಚಿನ್ನವನ್ನು ತೂಗುವ ಮಾನ: ೪ ಗಂಡಕಕ್ಕೆ ಒಂದು ಗುಂಜಿ, ೫ ಗುಂಜಿಗೆ ಒಂದು ಪಣ. ಇಲ್ಲಿಯ ಗಂಡಕಕ್ಕೂ ಬಂಗಾಳದ ನಾಲ್ಕು ಕವಡೆಯ ಗಂಡಕ್ಕೂ ಹೆಸರಿನ ಹೋಲಿಕೆಯಷ್ಟೇ ಇದೆ. ೧೨ನೆಯ ಶತಮಾನದ ರಾಜಾದಿತ್ಯನ ವ್ಯವಹಾರಗಣಿತವೇ ಮೊದಲಾದ ಕನ್ನಡ ಗಣಿತಗ್ರಂಥಗಳ ಪ್ರತಿಗಳಲ್ಲಿ ಕೋಷ್ಟಕಗಳು ಬಂದಾಗ, ಅದು ಎಣಿಕೆಯೋ ತೂಕವೋ, ತಾಮ್ರವೋ ಚಿನ್ನವೋ ಎಂಬುದನ್ನು ನಿಶ್ಚಯಿಸಿದ ಮೇಲೆಯೇ ಟಿಪ್ಪಣಿ ಬರೆಯಬೇಕು.

೫. ನಿಕ್ಷೇಪದಲ್ಲಿ ಕವಡೆ

ಕವಡೆಯ ಮೂರನೆಯ ಪ್ರಯೋಗವು ಅತ್ಯಂತ ಕುತೂಹಲಕರವಾದುದು. ಯಾವ ಶಬ್ದವನ್ನಾದರೂ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಿಂದ ವಿಚಾರಿಸುವ ನಮ್ಮ ಪದ್ಧತಿ ಪಂಡಿತರಿಗೆ ಸುವಿದಿತ. ಷಟ್ಖಂಡಾಗಮದ ವೇದನಾಖಂಡದಲ್ಲಿ, ಕೃತಿ ಅನುಯೋಗದ್ವಾರದೊಳಗೆ ಸ್ಥಾಪನೆಯನ್ನು ಹೇಳುವ ಸೂತ್ರವಿದೆ. ಅದು ಕಾಷ್ಠಕರ್ಮ, ಚಿತ್ರಕರ್ಮ, ಪೋತ್ತಕರ್ಮ, ಲೇಪ್ಯಕರ್ಮ, ಶೈಲಕರ್ಮ, ಭಿತ್ತಿಕರ್ಮ, ದಂತಕರ್ಮ ಮೊದಲಾದವುಗಳನ್ನು ಎಣಿಸಿ, ಕೊನೆಯಲ್ಲಿ ‘ಅಕ್ಖ’ ಮತ್ತು ‘ವರಾಡಅ’ ಎಂಬ ಎರಡು ವಸ್ತುಗಳನ್ನು ಸೇರಿಸುತ್ತದೆ. ಶ್ವೇತಾಂಬರರ ಅನುಯೋಗದ್ವಾರಸೂತ್ರದಲ್ಲಿಯೂ ಇದೇ ಜೋಡಿ ಇದೇ ಸ್ಥಾನದಲ್ಲಿ ಬರುತ್ತದೆ. ಎರಡು ಪರಂಪರೆಗಳೂ ಈ ಮಾತನ್ನು ಸಮಾನವಾಗಿ ಉಳಿಸಿಕೊಂಡಿರುವುದು ಅದರ ಪ್ರಾಚೀನತೆಗೆ ಸಾಕ್ಷಿ.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶ್ರೀತಾಳದ ಗರಿಗಳ ಮೇಲೆ ಕನ್ನಡ ಲಿಪಿಯಲ್ಲಿ ಉಳಿದುಬಂದ ಧವಲಾ ಪ್ರತಿಗಳಿಲ್ಲದಿದ್ದರೆ ಈ ಸೂತ್ರವು ದಿಗಂಬರ ಪರಂಪರೆಯಲ್ಲಿ ನಮಗೆ ದೊರೆಯುತ್ತಿರಲಿಲ್ಲ. ವೀರಸೇನಾಚಾರ್ಯರು ಕ್ರಿ.ಶ. ೮೧೬ರಲ್ಲಿ ಮುಗಿಸಿದರೆಂದು ಪ್ರಸಿದ್ಧವಾದ ಆ ಟೀಕೆಯು ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಹದಿನಾರು ಸಂಪುಟಗಳಾಗಿ ಅಚ್ಚಾಯಿತು.

ಮರದಲ್ಲಿ ಕೊರೆದ, ಗೋಡೆಯಲ್ಲಿ ಬರೆದ ರೂಪಗಳು ಮೂಲವಸ್ತುವನ್ನು ಹೋಲುತ್ತವೆ. ಅದು ಸದ್ಭಾವ ಸ್ಥಾಪನೆ. ಕವಡೆಯು ಯಾವುದನ್ನೂ ಹೋಲುವುದಿಲ್ಲ. ‘ಇದು ಅದು’ ಎಂಬ ಸಂಕಲ್ಪವೊಂದರಿಂದಲೇ ಅದು ಬೇರೊಂದರ ಸ್ಥಾನದಲ್ಲಿ ನಿಲ್ಲುತ್ತದೆ. ಅದು ಅಸದ್ಭಾವ ಸ್ಥಾಪನೆ. ನಮ್ಮ ಹಳ್ಳಿಗಳ ಚೌಕಾಬಾರದ ಆಟವು ಇದಕ್ಕೆ ಒಳ್ಳೆಯ ನಿದರ್ಶನ. ನಾಲ್ಕು ಕವಡೆಗಳನ್ನು ಎಸೆದಾಗ ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾಗಿ ಬಿದ್ದರೆ ಬಾರ, ಅಂದರೆ ಎಂಟು. ಮನೆಯಿಂದ ಮನೆಗೆ ನಡೆಯುವ ಕಾಯಿ ಬಳೆಚೂರಾದರೂ ಆಗಬಹುದು, ಕಲ್ಲಾದರೂ ಆಗಬಹುದು. ಕವಡೆ ಸಿಕ್ಕದಿದ್ದರೆ ಹುಣಸೆಬೀಜವನ್ನು ಒಂದು ಮಗ್ಗುಲಿಗೆ ತೇಯ್ದು ಬೆಳ್ಳಗೆ ಮಾಡಿ ಎಸೆಯುತ್ತಾರೆ. ಹುಣಸೆಬೀಜವು ಕವಡೆಯ ಸ್ಥಾಪನೆಯಾಯಿತು. ಹಣದ ವಿಷಯವೂ ಹೀಗೆಯೇ. ಎಂಬತ್ತು ಚಿಪ್ಪುಗಳು ಪಣವಾಗುವುದು ಜನರ ಒಪ್ಪಿಗೆಯಿಂದ. ಇಂದು ನರಸಾಪುರದಲ್ಲಿ ತಯಾರಾಗುವ ದೂರವಾಣಿಯ ಮೇಲೆ ಮೂಡುವ ಅಂಕೆಯು ಹಣವಾಗುವುದೂ ಅದೇ ಒಪ್ಪಿಗೆಯಿಂದ.

ಇಲ್ಲಿ ಒಂದು ವಿಚಾರಣೀಯ ಅಂಶವನ್ನು ಸೂಚಿಸುತ್ತೇನೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಥಾಪನೆಯನ್ನು ವಿವರಿಸುವಾಗ ಕಾಷ್ಠ, ಪುಸ್ತ, ಚಿತ್ರಕರ್ಮಗಳೊಡನೆ ‘ಅಕ್ಷನಿಕ್ಷೇಪ’ವನ್ನು ಹೇಳಿ, ‘ಆದಿ’ ಶಬ್ದದಲ್ಲಿ ಉಳಿದುದನ್ನು ಅಡಗಿಸುತ್ತಾರೆ, ವರಾಟಕವನ್ನು ಹೆಸರಿಸುವುದಿಲ್ಲ. ಅಕ್ಷವೆಂದರೆ ಪಗಡೆಯ ದಾಳವೆಂಬ ಅರ್ಥವು ಪ್ರಸಿದ್ಧವಾಗಿದೆ. ಆದರೆ ಪ್ರತಿಕ್ರಮಣಪಾಠದಲ್ಲಿ ‘ವರಾಡಯ’, ‘ಅಕ್ಖ’ ಎಂದು ಅಕ್ಕಪಕ್ಕದಲ್ಲಿ ನಿಂತ ಶಬ್ದಗಳೆರಡೂ ಜೀವಿಗಳ ಹೆಸರುಗಳು. ಶ್ವೇತಾಂಬರ ಮುನಿಗಳು ಗುರುವಿನ ಅನುಪಸ್ಥಿತಿಯಲ್ಲಿ ಇಟ್ಟುಕೊಳ್ಳುವ ಸ್ಥಾಪನಾಚಾರ್ಯದಲ್ಲಿ ಅಕ್ಷವೆಂಬ ಕಡಲ ಚಿಪ್ಪುಗಳೇ ಇರುತ್ತವೆ. ಆದುದರಿಂದ ಸ್ಥಾಪನಾ ಸೂತ್ರದ ‘ಅಕ್ಖ’ವೂ ಮೂಲತಃ ಚಿಪ್ಪಿನ ಹೆಸರಾಗಿದ್ದು, ದಾಳವೆಂಬ ಅರ್ಥವು ಬಳಕೆಯ ಸಾಮ್ಯದಿಂದ ಬಂದಿರಬಹುದೆ ಎಂಬುದನ್ನು ಆಗಮಜ್ಞರು ಪರಿಶೀಲಿಸಬೇಕು.

೬. ಕವಡೆ ಬಂದ ದಾರಿ

ಮಧ್ಯಯುಗದಲ್ಲಿ ಕವಡೆಯ ಮುಖ್ಯ ಆಕರವು ಮಾಲ್ದೀವ್ ದ್ವೀಪಗಳು. ಕ್ರಿ.ಶ. ೧೩೪೩–೪೪ರಲ್ಲಿ ಅಲ್ಲಿದ್ದ ಇಬ್ನ್ ಬತೂತನು ಕವಡೆಯನ್ನು ಸಿದ್ಧಮಾಡುವ ಕ್ರಮವನ್ನು ಹೇಳಿದ್ದಾನೆ. ಜೀವಿಯನ್ನು ಕಡಲಿನಿಂದ ಹಿಡಿದು ತಂದು ದಂಡೆಯ ಗುಂಡಿಗಳಲ್ಲಿ ಹಾಕುತ್ತಾರೆ. ಮಾಂಸವು ಕೊಳೆತುಹೋಗಿ ಬಿಳಿಯ ಎಲುಬು ಉಳಿಯುತ್ತದೆ. ನಾಲ್ಕು ಲಕ್ಷ ಕವಡೆಗೆ ಒಂದು ಚಿನ್ನದ ದೀನಾರ ಸಲ್ಲುತ್ತಿತ್ತು; ಬಂಗಾಳದವರು ಅಕ್ಕಿಯನ್ನು ಕೊಟ್ಟು ಕವಡೆಯನ್ನು ಒಯ್ಯುತ್ತಿದ್ದರು. ಇದೇ ಪ್ರವಾಸಿಯು ನಮ್ಮ ಹೊನ್ನಾವರವನ್ನೂ ಕಂಡವನು. ಪಶ್ಚಿಮ ಕರಾವಳಿಯ ರೇವುಗಳಿಗೂ ಆ ದ್ವೀಪಗಳಿಗೂ ಹಡಗಿನ ಸಂಚಾರವಿದ್ದಿತು.

ಹೊಳಪಿನ ವಿಷಯವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಜೀವವಿರುವಾಗ ಕವಡೆಯು ತನ್ನ ಮೈಯ ತೆಳುವಾದ ಹೊದಿಕೆಯಿಂದ ಚಿಪ್ಪನ್ನು ಹೊರಗಿನಿಂದಲೂ ಆವರಿಸಿಕೊಂಡಿರುತ್ತದೆ. ಚಿಪ್ಪು ನುಣುಪಾಗಿ ಬೆಳೆಯುವುದು ಆ ಹೊದಿಕೆಯಿಂದ. ತಾನಾಗಿಯೇ ಸತ್ತು ಅಲೆಗೆ ಸಿಕ್ಕಿ ದಂಡೆಗೆ ಬಂದ ಕವಡೆಯು ಮರಳಿಗೂ ಬಿಸಿಲಿಗೂ ತೇಯ್ದು ಸುಣ್ಣದಂತೆ ಮಂಕಾಗುತ್ತದೆ. ಆದುದರಿಂದ ವ್ಯಾಪಾರಕ್ಕೆ ಬೇಕಾದ ಹೊಳಪಿನ ಕವಡೆ ದೊರೆಯುವುದು ಜೀವಿಯನ್ನು ಸಜೀವವಾಗಿ ಹಿಡಿದಾಗ. ನರಸಾಪುರದ ಓಲೆಕಟ್ಟಿನ ಕವಡೆಯನ್ನು ಬೆಳಕಿಗೆ ಹಿಡಿದು ನೋಡಿದೆನು. ಮೇಲ್ಮೈ ಕೈಯಾಡಿ ನುಣುಪಾಗಿರಬಹುದು. ಆದರೆ ಬೆರಳು ತಲಪದ ಹಲ್ಲುಗಳ ಸಂದಿನಲ್ಲಿಯೂ ಹೊಳಪು ಕುಂದಿರಲಿಲ್ಲ. ಹಿರಿಯರ ಶಂಕೆ ನಿರಾಧಾರವಾಗಿರಲಿಲ್ಲವೆಂದು ಒಪ್ಪಬೇಕಾಯಿತು.

ಇದರ ಬಗ್ಗೆ ಶ್ರಾವಕಾಚಾರ ಗ್ರಂಥಗಳು ಮೌನವಾಗಿಲ್ಲ. ಹದಿನೈದು ಖರಕರ್ಮಗಳಲ್ಲಿ ದಂತವಾಣಿಜ್ಯವೂ ಒಂದು. ಆಶಾಧರನು ಸಾಗಾರಧರ್ಮಾಮೃತದಲ್ಲಿ ಇದನ್ನು ಪ್ರಸ್ತಾಪಿಸುತ್ತಾನೆ. ಹೇಮಚಂದ್ರಾಚಾರ್ಯನು ಯೋಗಶಾಸ್ತ್ರದಲ್ಲಿ ದಂತವಾಣಿಜ್ಯವನ್ನು ವಿಸ್ತರಿಸಿ, ಹಲ್ಲು, ಕೂದಲು, ಉಗುರು, ಎಲುಬು, ಚರ್ಮ, ರೋಮಗಳೇ ಮೊದಲಾದ ತ್ರಸಜೀವದ ಅಂಗಗಳನ್ನು ವ್ಯಾಪಾರಕ್ಕಾಗಿ ‘ಆಕರ’ದಲ್ಲಿ, ಎಂದರೆ ಹುಟ್ಟುವ ಸ್ಥಳದಲ್ಲಿ, ಕೊಳ್ಳುವುದೆಂದು ಲಕ್ಷಣ ಹೇಳುತ್ತಾನೆ. ಆಕರ ಎಂಬ ಶಬ್ದವು ಇಲ್ಲಿ ಮುಖ್ಯ. ಕೊಳ್ಳುವವನು ಆಕರದಲ್ಲಿ ಬೇಡಿಕೆಯಿಟ್ಟರೆ ಅವನಿಗಾಗಿಯೇ ಕೊಲೆ ನಡೆಯುತ್ತದೆಂಬುದು ನಿಷೇಧದ ತಿರುಳು.

ಇನ್ನೊಂದು ಕಡೆ, ತ್ರಸಜೀವದ ಅಂಗವೆಲ್ಲವೂ ತ್ಯಾಜ್ಯವೆಂದೂ ಹೇಳುವಂತಿಲ್ಲ. ದಿಗಂಬರ ಮುನಿಗಳ ಪಿಂಛವು ನವಿಲಿನ ಗರಿಯದು. ನವಿಲು ತಾನಾಗಿ ಉದುರಿಸಿದ ಗರಿಯಾದುದರಿಂದ ಅದು ಗ್ರಾಹ್ಯ. ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನೂ ನಿಷೇಧಿಸುತ್ತಾರೆ. ಆದರೆ ಅವರು ಕೊಡುವ ಕಾರಣ ಮಾಂಸದಲ್ಲಿ ನಿಗೋದಜೀವಗಳು ಹುಟ್ಟುತ್ತವೆಂಬುದು. ಒಣಗಿದ ಚಿಪ್ಪಿಗೆ ಆ ಕಾರಣ ಅನ್ವಯಿಸುವುದಿಲ್ಲ. ಶಂಖವು ನೇಮಿನಾಥ ತೀರ್ಥಂಕರರ ಲಾಂಛನ. ಪಶ್ಚಿಮ ಭಾರತದಲ್ಲಿ ಕಾಗದದ ಪ್ರತಿಗಳಿಗೆ ಹಾಳೆಯನ್ನು ಸಿದ್ಧಗೊಳಿಸುವಾಗ ಅಕೀಕಿನ ಕಲ್ಲು, ಶಂಖ, ದೊಡ್ಡ ಕವಡೆಗಳಿಂದ ಉಜ್ಜಿ ನುಣುಪುಗೊಳಿಸುತ್ತಿದ್ದರು. ಶಾಸ್ತ್ರಲೇಖನದ ಪರಿಕರಗಳಲ್ಲಿ ಚಿಪ್ಪು ಬಹುಕಾಲದಿಂದ ಸೇರಿಕೊಂಡಿದೆ. ಆದರೆ ಆಚಾರವಿತ್ತೆಂಬುದರಿಂದ ಅನುಜ್ಞೆಯಿತ್ತೆಂದು ಸಿದ್ಧವಾಗುವುದಿಲ್ಲ.

೭. ಉತ್ತರ

ಇವೆಲ್ಲವನ್ನೂ ಕೂಡಿಸಿ ಆ ಹಿರಿಯರಿಗೆ ನಾನು ಹೇಳಿದ ಉತ್ತರ ಇದು.

ಮೊದಲನೆಯದಾಗಿ, ಈ ಕವಡೆಯು ಇಂದು ಅಚಿತ್ತ ಪುದ್ಗಲ. ಇದನ್ನು ಕಿತ್ತುಹಾಕುವುದರಿಂದ ಯಾವ ಜೀವಕ್ಕೂ ಉಪಕಾರವಿಲ್ಲ, ಇರಿಸಿಕೊಳ್ಳುವುದರಿಂದ ಯಾವ ಜೀವಕ್ಕೂ ಹೊಸ ಪೀಡೆಯಿಲ್ಲ. ಎರಡನೆಯದಾಗಿ, ಇದನ್ನು ಯಾರೂ ಯಾವುದರ ಸ್ಥಾಪನೆಯೆಂದೂ ಸಂಕಲ್ಪಿಸಿಲ್ಲ. ಆದುದರಿಂದ ಇದು ಪೂಜ್ಯವೂ ಅಲ್ಲ, ಇದನ್ನು ಬಿಚ್ಚಿದರೆ ಆಶಾತನವೂ ಇಲ್ಲ. ತಂದೆಯವರು ಮುಟ್ಟಬೇಡಿ ಎಂದುದು ದಾರ ಸಡಿಲಾಗಿ ಗರಿ ಚೆದರೀತೆಂಬ ಭಯದಿಂದ ಇರಬೇಕು. ಮೂರನೆಯದಾಗಿ, ಹೊಸ ಕವಡೆಯನ್ನು ಕೊಂಡು ಕಟ್ಟುವುದು ಬೇಡ. ಅದು ಆಕರದವರೆಗೆ ಮುಟ್ಟುವ ಬೇಡಿಕೆ. ದಾರ ಜಾರದಂತೆ ತಡೆಯಲು ಮರದ ಗುಂಡಿ ಸಾಕು.

ನಾಲ್ಕನೆಯದು ಹಸ್ತಪ್ರತಿಗಳನ್ನು ನೋಡಿಕೊಳ್ಳುವವನಾಗಿ ನಾನು ಹೇಳಬೇಕಾದುದು. ಪುಷ್ಪಿಕೆ ಕಳೆದುಹೋದ ಈ ಪ್ರತಿಯಲ್ಲಿ ಅಕ್ಷರದ ಹೊರಗೆ ಉಳಿದಿರುವ ಸಾಕ್ಷ್ಯ ಬಹಳ ಕಡಮೆ. ಕಡಲಿನಿಂದ ಇಷ್ಟು ದೂರದ ಊರಿನಲ್ಲಿ, ಬೆನ್ನು ತೇಯ್ದ ಒಂದು ಕವಡೆಯು ಪ್ರತಿಯ ಹಿಂದಿನ ಒಡೆಯರ ಬಳಕೆಯನ್ನೂ ಸಂಪರ್ಕವನ್ನೂ ಸೂಚಿಸುತ್ತದೆ. ಅದನ್ನು ಎಸೆದರೆ ಪ್ರತಿಯ ಚರಿತ್ರೆಯ ಒಂದು ಪುಟವನ್ನು ಹರಿದಂತೆ. ದಾರ ಕೊಳೆತಾಗ ದಾರವನ್ನು ಬದಲಿಸಿ, ಹಳೆಯ ದಾರದ ತುಂಡನ್ನೂ ಕವಡೆಯನ್ನೂ ಒಂದು ಕಾಗದದ ಲಕೋಟೆಯಲ್ಲಿಟ್ಟು, ಎಲ್ಲಿಂದ ತೆಗೆದುದೆಂದು ಬರೆದು ಕಟ್ಟಿನೊಡನೆಯೇ ಇಡಬೇಕು. ಹುಳಿಗಾಳಿಯನ್ನು ಹೊರಡಿಸುವ ಮರದ ಪೆಟ್ಟಿಗೆಯಲ್ಲಿ ಬಹುಕಾಲ ಮುಚ್ಚಿಟ್ಟರೆ ಚಿಪ್ಪಿನ ಮೇಲೆ ಬಿಳಿಯ ಪುಡಿ ಏಳುತ್ತದೆ. ಗಾಳಿಯಾಡುವಂತೆ ಇಡುವುದು ಲೇಸು.

ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಇದು ಇರಲಿ, ಇನ್ನೊಂದು ಬೇಡ,” ಎಂದರು. ಮಗನು ಪ್ರತಿಕ್ರಮಣದ ಪಾಠದಲ್ಲಿ ‘ವರಾಡಯ’ವೆಂಬ ಶಬ್ದ ಎಲ್ಲಿದೆಯೆಂದು ಕೇಳಿ, ಮನೆಯಲ್ಲಿದ್ದ ಅಚ್ಚಿನ ಪುಸ್ತಕದಲ್ಲಿ ಹುಡುಕಿ ಗುರುತುಹಾಕಿಕೊಂಡನು. ಅಷ್ಟು ವರ್ಷ ಕೇಳಿದ ಪಾಠದಲ್ಲಿ ಆ ಶಬ್ದದ ಅರ್ಥವನ್ನು ತಾನು ವಿಚಾರಿಸಿರಲಿಲ್ಲವೆಂದನು. ನಾನೂ ಅನೇಕ ವರ್ಷಗಳ ಕಾಲ ಆ ಪಟ್ಟಿಯನ್ನು ಶಬ್ದಮಾತ್ರವಾಗಿ ಓದಿದವನೇ. ಓಲೆಯ ದಾರದ ತುದಿಯಲ್ಲಿ ಅದರ ಅರ್ಥ ಕೈಗೆ ತಗುಲಿತು.

ಪ್ರತಿಗಳ ಸೂಚಿಗಳನ್ನು ಸಿದ್ಧಪಡಿಸುತ್ತಿರುವ ಸಂಸ್ಥೆಗಳಲ್ಲಿಯೂ ಭಂಡಾರಗಳ ವ್ಯವಸ್ಥಾಪಕರಲ್ಲಿಯೂ ನನ್ನದೊಂದು ವಿನಂತಿ. ವಿವರಣಪಟ್ಟಿಯಲ್ಲಿ ‘ದಾರ ಮತ್ತು ತುದಿಯ ವಸ್ತು’ ಎಂಬ ಒಂದು ಅಂಕಣವನ್ನು ಸೇರಿಸಬೇಕು. ಕವಡೆಯಿದ್ದರೆ ಅದರ ಅಳತೆ, ಹೊಳಪು, ಬೆನ್ನು ತೇಯ್ದಿದೆಯೋ ಇಲ್ಲವೋ ಎಂಬುದನ್ನು ಬರೆಯಬೇಕು. ಇಂಥ ಟಿಪ್ಪಣಿಗಳು ಕೆಲವು ನೂರಾದರೂ ಕೂಡಿದಾಗ, ಕಡಲಿನ ಈ ಸಣ್ಣ ಜೀವಿಯ ಚಿಪ್ಪು ನಮ್ಮ ಶಾಸ್ತ್ರಭಂಡಾರಗಳಿಗೆ ಯಾವ ದಾರಿಯಿಂದ, ಎಷ್ಟರಮಟ್ಟಿಗೆ ಬಂದಿತೆಂಬುದನ್ನು ಸಪ್ರಮಾಣವಾಗಿ ಹೇಳಲು ಸಾಧ್ಯವಾದೀತು.